ಲಿಪ್‌ಮನ್ ಪಂಡಿತರು

ಹಳೆಯ ‘ಟೈಮ್’ ವಾರಪತ್ರಿಕೆಗಳನ್ನು ನಾನು ಕೊಂಡು ತರುವುದನ್ನು ನೋಡಿ ನೋಡಿ ನಮ್ಮ ಮನೆಯಲ್ಲಿ ಒಂದು ಮಾತು ಹುಟ್ಟಿಕೊಂಡಿದೆ: ‘ಇವರಿಗೆ ಇವತ್ತಿನ ಪೇಪರ್ ಓದೋದಕ್ಕೆ ಪುರುಸೊತ್ತಿಲ್ಲ, ಅರವತ್ತು ವರ್ಷದ ಹಿಂದಿನದೇ ಇನ್ನೂ ಬಾಕಿ ಇದೆ.’

ಮಾತಿನಲ್ಲಿ ಸುಳ್ಳೇನಿಲ್ಲ. ಆದರೆ ಹಳೆಯ ಸುದ್ದಿ ಓದುವುದರಲ್ಲಿ ಹೊಸ ಸುದ್ದಿಯಲ್ಲಿಲ್ಲದ ಒಂದು ಸುಖವಿದೆ. ಮುಂದೇನಾಗುತ್ತದೆ ಎಂಬುದು ಬರೆದವನಿಗೆ ಗೊತ್ತಿಲ್ಲ, ಓದುವ ನನಗೆ ಗೊತ್ತು. ಯಾವ ಪ್ರಧಾನಿ ಬೀಳುತ್ತಾನೆ, ಯಾವ ಒಪ್ಪಂದ ಮುರಿಯುತ್ತದೆ, ಯಾವ ಕಂಪನಿ ದಿವಾಳಿಯಾಗುತ್ತದೆ ಎಂಬುದನ್ನೆಲ್ಲ ಮೊದಲೇ ತಿಳಿದುಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತು, ‘ಅಯ್ಯೋ ಪಾಪ, ಹೀಗಂದುಕೊಂಡಿದ್ದೆಯಾ’ ಎಂದು ಮರುಗಬಹುದು. ಖರ್ಚಿಲ್ಲದೆ ಸರ್ವಜ್ಞನಾಗುವ ಉಪಾಯ ಇದೊಂದೇ.

ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಪಿಯುಸಿ ಗೈಡು, ಪ್ರಶ್ನೆಪತ್ರಿಕೆಗಳ ಕಟ್ಟುಗಳ ಅಡಿಯಲ್ಲಿ ಇಂಥವು ಆಗಾಗ ಸಿಗುತ್ತಿದ್ದವು. ಹೆಚ್ಚಿನವು ಐವತ್ತು-ಅರವತ್ತರ ದಶಕದವು. ಮುಖಪುಟದ ಕೆಂಪು ಅಂಚು ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ. ಮೂಲೆಯಲ್ಲಿ ಚಂದಾದಾರನ ವಿಳಾಸದ ಚೀಟಿ ಅರ್ಧ ಕಿತ್ತುಹೋಗಿರುತ್ತದೆ. ಬೆನ್ನಿನ ಪಿನ್ನು ತುಕ್ಕು ಹಿಡಿದು, ಪುಟ ತಿರುಗಿಸಿದರೆ ನಡುವಿನ ನಾಲ್ಕು ಹಾಳೆ ಕೈಗೇ ಬರುತ್ತವೆ. ಅರ್ಧ ಪತ್ರಿಕೆಯೆಲ್ಲ ಉದ್ದುದ್ದನೆಯ ಕಾರುಗಳ, ವಿಸ್ಕಿಯ, ಸಿಗರೇಟಿನ ಜಾಹೀರಾತು. ಆ ಕಾರುಗಳ ನಡುವೆ ಒಂದು ಕಿರಿದಾದ ಕಾಲಮ್ಮಿನಲ್ಲಿ ನಮ್ಮ ಕಡೆಯ ಒಬ್ಬ ಹಳೆಯ ಪರಿಚಯಸ್ಥರು ಸೂಟು ತೊಟ್ಟು ನಿಂತಿದ್ದರು: ‘ಪಂಡಿಟ್ ವಾಲ್ಟರ್ ಲಿಪ್‌ಮನ್.’

ಪಂಡಿತರು! ನ್ಯೂಯಾರ್ಕಿನಲ್ಲಿ ಹುಟ್ಟಿ, ಹಾರ್ವರ್ಡಿನಲ್ಲಿ ಓದಿ, ಪತ್ರಿಕೆಗೆ ಅಂಕಣ ಬರೆಯುವ ಮನುಷ್ಯ ಪಂಡಿತರಾದದ್ದು ಹೇಗೆ? ಅವರಿಗೆ ಶಾಲು ಹೊದಿಸಿದವರು ಯಾರು?

‘ಟೈಮ್’ ಹುಟ್ಟಿದ ಕತೆಯಿಂದಲೇ ಶುರುಮಾಡಬೇಕು. ಯೇಲ್ ವಿಶ್ವವಿದ್ಯಾಲಯದಿಂದ ಹೊರಬಿದ್ದ ಇಬ್ಬರು ಹುಡುಗರು, ಬ್ರಿಟನ್ ಹ್ಯಾಡನ್ ಮತ್ತು ಹೆನ್ರಿ ಲೂಸ್, 1923ರ ಮಾರ್ಚ್ 3ರಂದು ಮೊದಲ ಸಂಚಿಕೆ ತಂದರು. ಬೆಲೆ ಹದಿನೈದು ಸೆಂಟು. ಇಬ್ಬರಿಗೂ ಇನ್ನೂ ಇಪ್ಪತ್ತೈದರ ಆಸುಪಾಸು. ಲೂಸ್ ಚೀನಾದಲ್ಲಿ ಹುಟ್ಟಿದ ಪಾದ್ರಿಯ ಮಗ, ಗಂಭೀರ ಸ್ವಭಾವದವನು. ಹ್ಯಾಡನ್ ತುಂಟ. ವರದಿಗಾರರನ್ನು ಇಟ್ಟುಕೊಳ್ಳುವಷ್ಟು ದುಡ್ಡಿರಲಿಲ್ಲವಾಗಿ, ನ್ಯೂಯಾರ್ಕಿನ ದಿನಪತ್ರಿಕೆಗಳನ್ನು ಮುಂದಿಟ್ಟುಕೊಂಡು, ಕತ್ತರಿಸಿ, ಹಿಂಡಿ, ಮತ್ತೆ ಬರೆಯುತ್ತಿದ್ದರು. ಸುದ್ದಿ ಬೇರೆಯವರದಾದ ಮೇಲೆ ತಮ್ಮದು ಎಂದು ಹೇಳಿಕೊಳ್ಳಲು ಉಳಿಯುವುದು ಶೈಲಿ ಒಂದೇ. ಹಾಗಾಗಿ ಶೈಲಿಯ ಮೇಲೆ ಮುಗಿಬಿದ್ದರು.

ಹ್ಯಾಡನ್ ಮೇಜಿನ ಮೇಲೆ ಹೋಮರನ ‘ಇಲಿಯಡ್’ ಅನುವಾದದ ಒಂದು ಪ್ರತಿ ಇಟ್ಟುಕೊಂಡಿದ್ದ. ಅದರಲ್ಲಿ ವೀರರ ಹೆಸರಿನ ಹಿಂದೆ ಬರುವ ಸಮಾಸಪದಗಳಿಗೆಲ್ಲ ಅವನು ಗೆರೆ ಎಳೆದಿದ್ದ. ಆ ಕಾವ್ಯದಲ್ಲಿ ಯಾರೂ ಬರಿಗೈಯಲ್ಲಿ, ಬರೀ ಹೆಸರಿನಲ್ಲಿ ಪ್ರವೇಶ ಮಾಡುವುದಿಲ್ಲ. ಪಂಪನನ್ನೋ ಕುಮಾರವ್ಯಾಸನನ್ನೋ ಓದಿದ ನಮಗೆ ಇದರಲ್ಲಿ ಅಚ್ಚರಿಯೇನಿಲ್ಲ. ಆದರೆ ವಾಷಿಂಗ್‌ಟನ್ನಿನ ಸೆನೆಟರನಿಗೂ ಚಿಕಾಗೋದ ಮಾಂಸದ ವ್ಯಾಪಾರಿಗೂ ಹಾಗೇ ಬಿರುದು ಹಚ್ಚಿ ಅಚ್ಚು ಹಾಕಿದರೆ ಏನಾಗಬಹುದು? ಓದುಗರು ನಕ್ಕರು, ಚಂದಾ ಕಟ್ಟಿದರು.

ಬಿರುದುಗಳಿಗೆ ಮಾತು ಬೇಕಲ್ಲ, ಸಿಕ್ಕಲ್ಲಿಂದ ತಂದರು. ಜಪಾನಿ ಭಾಷೆಯಿಂದ ‘ಟೈಕೂನ್’ ಬಂತು. ಜಪಾನಿನ ಶೋಗನ್‌ಗೆ ಸಲ್ಲುತ್ತಿದ್ದ ಮಾತು ಉಕ್ಕಿನ ಕಾರ್ಖಾನೆಯ ಮಾಲೀಕನ ಪಾಲಾಯಿತು. ಗ್ರೀಕಿನಿಂದ ‘ಕ್ಯೂಡೋಸ್’ ಬಂತು. ನಮ್ಮಿಂದ ಹೋದದ್ದು ಪಂಡಿತ. ಇವನ್ನು ‘ಟೈಮ್’ ಹುಟ್ಟಿಸಲಿಲ್ಲ, ಇಂಗ್ಲಿಷಿನ ಮೂಲೆಯಲ್ಲಿ ಆಗಲೇ ಇದ್ದವು. ವಾರ ವಾರ ಬಳಸಿ ಬಳಸಿ ಊರೆಲ್ಲ ಆಡುವಂತೆ ಮಾಡಿದ್ದು ಅದರ ಕೆಲಸ.

ಪಂಡಿತ ಎಂಬುದನ್ನು ಅವರು ಯಾವ ಜಾಗದಲ್ಲಿ ಕೂರಿಸಿದರು ಎಂಬುದು ನನಗೆ ಹೆಚ್ಚು ರುಚಿಸಿದ ಸಂಗತಿ. ಇಂಗ್ಲಿಷಿನ ಮರ್ಯಾದೆ ಪ್ರಕಾರ ಹೆಸರು ಮೊದಲು ಬರಬೇಕು, ಕಸುಬು ಆಮೇಲೆ, ಅಲ್ಪವಿರಾಮ ಹಾಕಿ. ‘ಟೈಮ್’ ಆ ಅಲ್ಪವಿರಾಮವನ್ನೇ ಕಿತ್ತು ಹಾಕಿತು. ಪಂಡಿಟ್ ಲಿಪ್‌ಮನ್, ಟೈಕೂನ್ ಇಂಥವನು, ನಟಿ ಇಂಥವಳು ಎಂದು ಕಸುಬನ್ನು ಹೆಸರಿನ ತಲೆಯ ಮೇಲೆ ಪೇಟದಂತೆ ಇಟ್ಟಿತು. ಇಂಗ್ಲಿಷಿನ ಮಡಿವಂತರಿಗೆ ಮೈಯೆಲ್ಲ ಉರಿಯಿತು. ಕೆಲವು ಪತ್ರಿಕೆಗಳು ಹಾಗೆ ಬರೆಯಬಾರದೆಂದು ತಮ್ಮವರಿಗೆ ನಿಯಮವನ್ನೇ ಮಾಡಿದವು. ವಾಕ್ಯವನ್ನು ತಿರುವುಮುರುವು ಮಾಡಿ ಕ್ರಿಯಾಪದವನ್ನು ಮುಂದೆ ತರುವ ಅವರ ಇನ್ನೊಂದು ಚಾಳಿಯಂತೂ ಎಷ್ಟು ಹೆಸರುವಾಸಿಯಾಯಿತೆಂದರೆ, 1936ರಲ್ಲಿ ವೋಲ್ಕಾಟ್ ಗಿಬ್ಸ್ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಲೂಸ್‌ನ ವ್ಯಕ್ತಿಚಿತ್ರವನ್ನು ಅದೇ ತಲೆಕೆಳಗು ಶೈಲಿಯಲ್ಲೇ ಬರೆದು ಊರನ್ನು ನಗಿಸಿದ.

ಕನ್ನಡದವರಿಗೆ ಇದರಲ್ಲಿ ಉರಿಯುವಂಥದ್ದೇನೂ ಕಾಣುವುದಿಲ್ಲ. ಹನ್ನೆರಡನೆಯ ಶತಮಾನದಿಂದ ನಾವು ಕರೆಯುತ್ತಿರುವುದೇ ಹೀಗೆ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. ಕಸುಬು ಮೊದಲು, ಮನುಷ್ಯ ಆಮೇಲೆ. ವ್ಯತ್ಯಾಸವಿರುವುದು ಇಷ್ಟೇ: ಮಾಚಯ್ಯ ನಿಜವಾಗಿ ಬಟ್ಟೆ ಒಗೆಯುತ್ತಿದ್ದ, ಕೇತಯ್ಯ ನಿಜವಾಗಿ ಬುಟ್ಟಿ ಹೆಣೆಯುತ್ತಿದ್ದ. ಲಿಪ್‌ಮನ್ ಪಂಡಿತರು ಮಾಡುತ್ತಿದ್ದದ್ದು ಏನು?

ಅಭಿಪ್ರಾಯ ಕೊಡುತ್ತಿದ್ದರು. 1931ರಲ್ಲಿ ‘ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್’ ಪತ್ರಿಕೆಯಲ್ಲಿ ಅವರ ‘ಟುಡೇ ಅಂಡ್ ಟುಮಾರೊ’ ಅಂಕಣ ಶುರುವಾಯಿತು. ಅದೇ ವರ್ಷ ‘ಟೈಮ್’ ಮುಖಪುಟಕ್ಕೂ ಏರಿದರು. ಆ ಅಂಕಣ ನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಬರುತ್ತಿತ್ತು. ವಕೀಲರು, ಬ್ಯಾಂಕಿನವರು, ಸೆನೆಟರುಗಳು ಅದನ್ನು ಓದಿದ ಮೇಲೆಯೇ ತಮ್ಮ ನಿಲುವು ಏನೆಂದು ತಿಳಿದುಕೊಳ್ಳುತ್ತಿದ್ದರು. ನಮ್ಮ ಪತ್ರಿಕೆಗಳಲ್ಲಿ ಸವೆದುಹೋದ ‘ಶೀತಲ ಸಮರ’ ಎಂಬ ಮಾತಿನ ಇಂಗ್ಲಿಷ್ ಮೂಲ ಅಷ್ಟು ಬಳಕೆಗೆ ಬರಲು ಲಿಪ್‌ಮನ್ 1947ರಲ್ಲಿ ಅದೇ ಹೆಸರಿನಲ್ಲಿ ತಂದ ಪುಸ್ತಕವೂ ಕಾರಣ. ಸಾಮಾನ್ಯರಲ್ಲ.

ಪಂಡಿತ ಎಂದರೆ ಅಭಿಪ್ರಾಯ ಕೊಡುವವನು ಎಂಬ ಅರ್ಥ ಅಮೆರಿಕದವರ ತಲೆಯಿಂದ ಹುಟ್ಟಿತೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಇಂಗ್ಲಿಷರಿಗೆ ಆ ಅರ್ಥ ಗಂಟುಬಿದ್ದದ್ದು ಕಚೇರಿಯಲ್ಲಿ. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಮಾಡಿದ ಏರ್ಪಾಡಿನಂತೆ, ಹಿಂದೂಗಳ ಆಸ್ತಿ, ಮದುವೆ, ದತ್ತಕದ ವ್ಯಾಜ್ಯ ಬಂದರೆ ಇಂಗ್ಲಿಷ್ ನ್ಯಾಯಾಧೀಶ ಪಂಡಿತರನ್ನು ಕೇಳಬೇಕಿತ್ತು. ಅವರು ಧರ್ಮಶಾಸ್ತ್ರ ನೋಡಿ ‘ವ್ಯವಸ್ಥೆ’ ಬರೆದುಕೊಡುತ್ತಿದ್ದರು. ಸಂಬಳಕ್ಕೆ ಕೂತು ಅಭಿಪ್ರಾಯ ಕೊಡುವ ಕೆಲಸ! ಈ ಅಭಿಪ್ರಾಯಗಳನ್ನು ನಂಬುವುದು ಹೇಗೆಂಬ ಅನುಮಾನವೂ ಜೊತೆಗೇ ಹುಟ್ಟಿತು. 1783ರಲ್ಲಿ ಕಲ್ಕತ್ತೆಗೆ ನ್ಯಾಯಾಧೀಶನಾಗಿ ಬಂದ ವಿಲಿಯಂ ಜೋನ್ಸ್ ಸಂಸ್ಕೃತ ಕಲಿಯಲು ಹೊರಟದ್ದಕ್ಕೆ, ಪಂಡಿತರು ಹೇಳಿದ್ದನ್ನು ಕಣ್ಣುಮುಚ್ಚಿ ಒಪ್ಪಲು ಮನಸ್ಸಿಲ್ಲದ್ದೂ ಒಂದು ಕಾರಣ. ನ್ಯಾಯಾಲಯದ ಈ ಪಂಡಿತ ಹುದ್ದೆ 1864ರಲ್ಲಿ ರದ್ದಾಯಿತು. ಹುದ್ದೆ ಹೋದರೂ ಶಬ್ದ ಇಂಗ್ಲಿಷಿನಲ್ಲಿ ಉಳಿಯಿತು. ನಮ್ಮ ಹ್ರಸ್ವ ಅಕಾರ ಅವರ ಕಿವಿಗೆ ‘ಯು’ ಅಕ್ಷರದಂತೆ ಬೀಳುತ್ತಿದ್ದುದರಿಂದ ಪಂಖಾ, ಪಂಜಾಬುಗಳ ಜೊತೆಗೆ ಪಂಡಿತನ ಹೊಟ್ಟೆಗೂ ಒಂದು ‘ಯು’ ಸೇರಿತು.

1886ರಲ್ಲಿ ಬಂದ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಪಂಡಿತನಿಗೆ ಇಂಥ ಅರ್ಥಗಳೆಲ್ಲ ಸಿಗುತ್ತವೆ. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬ ಬರ್ನೆಲ್ ನಮ್ಮ ಮಂಗಳೂರಿನಲ್ಲಿ ನೌಕರಿ ಮಾಡಿ, ದಕ್ಷಿಣ ಭಾರತದ ಲಿಪಿಗಳ ಕುರಿತ ತನ್ನ ಪುಸ್ತಕವನ್ನು 1874ರಲ್ಲಿ ಅಲ್ಲಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲೇ ಅಚ್ಚು ಹಾಕಿಸಿದವನು. ಕೋರ್ಟಿನ ಪಂಡಿತನಲ್ಲದೆ ಆ ನಿಘಂಟಿನಲ್ಲಿ ಇನ್ನೊಬ್ಬ ಪಂಡಿತನೂ ಇದ್ದಾನೆ: ಗಡಿಯಾಚೆಗೆ ಹೋಗಿ ನೆಲ ಅಳೆದು ಬರುವವನು. ಈ ಕೆಲಸದಲ್ಲಿ ದೊಡ್ಡ ಹೆಸರು ನೈನ್ ಸಿಂಗ್. ಕುಮಾವೂಂ ಬೆಟ್ಟದ ಮಿಲಮ್ ಹಳ್ಳಿಯ ಶಾಲಾ ಮೇಷ್ಟ್ರು, ಮೇಷ್ಟ್ರಾದ್ದರಿಂದ ಪಂಡಿತ. ಟಿಬೆಟ್ಟಿನೊಳಕ್ಕೆ ಯುರೋಪಿನವರಿಗೆ ಪ್ರವೇಶವಿಲ್ಲದ ಕಾಲದಲ್ಲಿ, ಯಾತ್ರಿಕನ ವೇಷದಲ್ಲಿ, ನೂರು ಹೆಜ್ಜೆಗೆ ಒಂದು ಮಣಿಯಂತೆ ಜಪಮಾಲೆ ಸರಿಸುತ್ತ ಲ್ಹಾಸಾ ತಲುಪಿದವರು. ಆ ಮಾಲೆಯಲ್ಲಿ ಮಣಿಗಳು ನೂರೆಂಟಲ್ಲ, ನೂರು, ಲೆಕ್ಕಕ್ಕೆ ಅನುಕೂಲ. ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಬದಲು ಅಳತೆಯ ಚೀಟಿಗಳು. 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಚಿನ್ನದ ಪದಕ ಕೊಟ್ಟಿತು. ನನ್ನನ್ನು ಕೇಳಿದರೆ, ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಸಿಕ್ಕ ಅತ್ಯುತ್ತಮ ಮನುಷ್ಯ ಇವರು. ಅಭಿಪ್ರಾಯ ಕೊಡಲಿಲ್ಲ, ಅಳೆದುಕೊಂಡು ಬಂದರು.

ಅಮೆರಿಕಕ್ಕೆ ಈ ಶಬ್ದ ಹೋದ ಮೇಲೆ ಅದಕ್ಕೆ ತುಸು ತಮಾಷೆಯೂ ಅಂಟಿಕೊಂಡಿತು. 1884ರಲ್ಲೇ ಯೇಲ್‌ನಲ್ಲಿ ‘ಪಂಡಿಟ್ಸ್’ ಎಂಬ ಹೆಸರಿನ ವಿದ್ಯಾರ್ಥಿ ಕೂಟ ಹುಟ್ಟಿತ್ತು. ಹ್ಯಾಡನ್, ಲೂಸ್ ಓದಿದ್ದು ಅದೇ ಯೇಲ್. ಹಾಗಾಗಿ ‘ಟೈಮ್’ನಲ್ಲಿ ಯಾರನ್ನಾದರೂ ಪಂಡಿಟ್ ಎಂದರೆ ಅದು ಪೂರ್ತಿ ಗೌರವವೂ ಅಲ್ಲ, ಪೂರ್ತಿ ಗೇಲಿಯೂ ಅಲ್ಲ. ಕೈಮುಗಿದು, ಪಕ್ಕದವನತ್ತ ಕಣ್ಣು ಹೊಡೆದ ಹಾಗೆ.

ಈ ಕಣ್ಣು ಹೊಡೆಯುವ ವಿದ್ಯೆಯನ್ನು ಅವರಿಂದ ಕಲಿಯಬೇಕಾದ ಗತಿ ನಮಗಂತೂ ಇರಲಿಲ್ಲ. ಸಂಸ್ಕೃತದವರೇ ‘ಪಂಡಿತಂಮನ್ಯ’ ಎಂದು, ತನ್ನನ್ನು ತಾನೇ ಪಂಡಿತನೆಂದು ತಿಳಿದವನಿಗೆ ಬೇರೆ ಪದ ಮಾಡಿಟ್ಟಿದ್ದರು. ಕನ್ನಡದವರು ಇನ್ನೂ ಮುಂದೆ ಹೋದರು. ನಮ್ಮ ಹಳೆ ಮೈಸೂರಿನ ಹಳ್ಳಿಗಳಲ್ಲಿ ಪಂಡಿತರೆಂದರೆ ಔಷಧ ಕೊಡುವವರು. ‘ಪಂಡಿತರ ಹತ್ರ ತೋರಿಸಿದ್ಯಾ?’ ಎಂದು ಕೇಳಿದರೆ ಜಾತಕವನ್ನಲ್ಲ, ನಾಲಗೆಯನ್ನು. ಹೈಸ್ಕೂಲುಗಳಲ್ಲಿ ಪಂಡಿತರೆಂದರೆ ಕನ್ನಡ ಮೇಷ್ಟ್ರು. ಇಂಗ್ಲಿಷ್ ಮೇಷ್ಟ್ರಿಗಿಂತ ಸಂಬಳ ಕಡಿಮೆ, ಹುಡುಗರಿಗೆ ಸಲಿಗೆ ಜಾಸ್ತಿ. ಸಂಗೀತಕ್ಕೆ ಬಂದರೆ ರಾಜ್ಯದ ನಡುವೆ ಒಂದು ಗೆರೆಯೇ ಇದೆ: ಮೈಸೂರು ಕಡೆ ಹಾಡುವವರು ವಿದ್ವಾನ್, ಧಾರವಾಡದ ಕಡೆ ಹಾಡುವವರು ಪಂಡಿತ್. ಮಲ್ಲಿಕಾರ್ಜುನ ಮನ್ಸೂರರನ್ನು ವಿದ್ವಾನ್ ಎಂದು ಕರೆದು ನೋಡಿ, ಸಭೆಯಲ್ಲಿ ಯಾರಾದರೂ ತಿದ್ದುತ್ತಾರೆ.

ಇಷ್ಟೆಲ್ಲ ಗೌರವದ ಪಕ್ಕದಲ್ಲೇ ಒಬ್ಬ ಕೂತಿದ್ದಾನೆ: ಅಳಲೆಕಾಯಿ ಪಂಡಿತ. ತಲೆನೋವಿಗೂ ಅಳಲೆಕಾಯಿ, ಹೊಟ್ಟೆನೋವಿಗೂ ಅಳಲೆಕಾಯಿ, ಸೊಸೆ ಮಾತು ಬಿಟ್ಟಿದ್ದಾಳೆಂದರೆ ಅದಕ್ಕೂ ಅಳಲೆಕಾಯಿ. ಅಳಲೆ, ತಾರೆ, ನೆಲ್ಲಿ ಸೇರಿ ತ್ರಿಫಲ. ಅಷ್ಟಾದರೂ ಇಡೀ ವೈದ್ಯವಲ್ಲ. ಅದರಲ್ಲಿ ಮೂರರಲ್ಲೊಂದನ್ನು ಹಿಡಿದುಕೊಂಡು ಊರನ್ನೆಲ್ಲ ಆಳುವವನಿಗೆ ಕನ್ನಡ ಕೊಟ್ಟ ಬಿರುದು ಇದು. ಒಂದೇ ಸಿದ್ಧಾಂತವನ್ನು ಎಲ್ಲದಕ್ಕೂ ಅರೆದು ಕುಡಿಸುವ ಅಂಕಣಕಾರರಿಗೆ ಇದಕ್ಕಿಂತ ಒಳ್ಳೆಯ ಹೆಸರು ನನಗೆ ತಿಳಿದ ಯಾವ ಭಾಷೆಯಲ್ಲೂ ಇಲ್ಲ. ‘ಟೈಮ್’ ಪತ್ರಿಕೆಯ ಹುಡುಗರಿಗೆ ಸಿಕ್ಕಿದ್ದರೆ ಅಪ್ಪಿಕೊಂಡುಬಿಡುತ್ತಿದ್ದರು.

ಒಂದು ತೊಡಕು ಅವರಿಗೂ ಬಂತು. ಅಸಲಿ ಪಂಡಿತರು ಸುದ್ದಿಯಲ್ಲಿ ಕಾಣಿಸಿಕೊಳ್ಳತೊಡಗಿದರು. 1930ರ ‘ವರ್ಷದ ವ್ಯಕ್ತಿ’ಯಾಗಿ ಗಾಂಧಿಯವರನ್ನು ಆರಿಸಿದಾಗ ಮಹಾತ್ಮ ಎಂಬುದನ್ನು ಕ್ರಿಸ್ತಮತಕ್ಕೆ ಸೇರಿಸಿ ‘ಸೇಂಟ್ ಗಾಂಧಿ’ ಎಂದು ಸುಧಾರಿಸಿಕೊಂಡರು. ನೆಹರೂ ವಿಚಾರದಲ್ಲಿ ಅದು ನಡೆಯಲಿಲ್ಲ. ಅಂಕಣ ಬರೆಯುವ ಪಂಡಿತನಿಗೆ ‘ಯು’, ದೇಶ ಆಳುವ ಪಂಡಿತನಿಗೆ ‘ಎ’ ಎಂದು ಇಂಗ್ಲಿಷ್ ಕಾಗುಣಿತವೇ ಇಬ್ಭಾಗವಾಯಿತು. ತಮಾಷೆಯೆಂದರೆ, ನೆಹರೂ ಪಂಡಿತರಾದದ್ದು ಪಾಂಡಿತ್ಯದಿಂದಲ್ಲ, ಕಾಶ್ಮೀರಿ ಮನೆತನದಿಂದ. ಅವರ ತಂಗಿ ವಿಜಯಲಕ್ಷ್ಮಿ ಪಂಡಿತರಿಗೆ ಪಂಡಿತ ಬಂದದ್ದು ತವರಿನಿಂದಲೂ ಅಲ್ಲ, ಗಂಡ ರಣಜಿತ್ ಸೀತಾರಾಮ ಪಂಡಿತರ ಅಡ್ಡಹೆಸರಿನಿಂದ. 1953ರಲ್ಲಿ ಆಕೆ ವಿಶ್ವಸಂಸ್ಥೆಯ ಮಹಾಸಭೆಗೆ ಮೊದಲ ಮಹಿಳಾ ಅಧ್ಯಕ್ಷೆಯಾದಾಗ ಆ ಸುದ್ದಿಗೆ ವ್ಯಾಖ್ಯಾನ ಬರೆದ ಅಮೆರಿಕದ ಪಂಡಿಟ್‌ಗಳು ಎಷ್ಟು ಮಂದಿಯೋ. ಒಂದು ಹೆಸರು, ಒಂದು ಜಾತಿ, ಒಂದು ಉದ್ಯೋಗ. ಓದುವ ಪಾಂಡಿತ್ಯ ಮಾತ್ರ ಎಲ್ಲೂ ಇಲ್ಲ.

ಪಂಡಿತರ ಪರೀಕ್ಷೆ ನಡೆಯುವುದು ಚುನಾವಣೆಯಲ್ಲಿ. 1932ರ ಆರಂಭದಲ್ಲಿ ಲಿಪ್‌ಮನ್, ಫ್ರಾಂಕ್ಲಿನ್ ರೂಸ್‌ವೆಲ್ಟ್ ಒಳ್ಳೆಯ ಮನುಷ್ಯನೇ ಹೌದು, ಅಧ್ಯಕ್ಷನಾಗುವ ಆಸೆಯೂ ಇದೆ, ಆದರೆ ಅದಕ್ಕೆ ಬೇಕಾದ ದೊಡ್ಡ ಅರ್ಹತೆ ಯಾವುದೂ ಇಲ್ಲ ಎಂಬ ಅರ್ಥದಲ್ಲಿ ಬರೆದರು. ಆ ಮನುಷ್ಯ ಅಧ್ಯಕ್ಷ ಚುನಾವಣೆಯನ್ನು ನಾಲ್ಕು ಸಲ ಗೆದ್ದ. 1948ರಲ್ಲಿ ‘ನ್ಯೂಸ್‌ವೀಕ್’ ಐವತ್ತು ಮಂದಿ ರಾಜಕೀಯ ಬರಹಗಾರರನ್ನು ಕೇಳಿತು: ಟ್ರೂಮನ್ನೋ, ಡ್ಯೂಯಿಯೋ? ಐವತ್ತಕ್ಕೆ ಐವತ್ತೂ ಡ್ಯೂಯಿ ಎಂದರು. ಲೂಸ್‌ನದೇ ‘ಲೈಫ್’ ಪತ್ರಿಕೆ ಚುನಾವಣೆಗೆ ಮುಂಚೆಯೇ ಡ್ಯೂಯಿಯ ಚಿತ್ರ ಹಾಕಿ ಮುಂದಿನ ಅಧ್ಯಕ್ಷ ಎಂದು ಅಡಿಬರಹ ಕೊಟ್ಟಿತು. ಗೆದ್ದದ್ದು ಟ್ರೂಮನ್. ಐವತ್ತು ಜನ ಒಟ್ಟಿಗೆ ತಪ್ಪಿದಾಗ ಒಬ್ಬನಿಗೂ ನಾಚಿಕೆಯಾಗಬೇಕಾಗಿಲ್ಲ. ಒಬ್ಬನೇ ತಪ್ಪಿದರೆ ಕಷ್ಟ. ಲಿಪ್‌ಮನ್‌ರ ಆ 1932ರ ಮಾತನ್ನು ಅವರ ಜೀವನಪರ್ಯಂತ ಜನ ಎತ್ತಿ ಆಡಿದರು.

ಸಮುದ್ರ ದಾಟಿದ ಪಂಡಿತ ಈಗ ವಾಪಸ್ ಬಂದಿದ್ದಾನೆ. ನಮ್ಮ ಕನ್ನಡ ಪತ್ರಿಕೆಗಳಲ್ಲಿ ಕಾಣುವ ‘ರಾಜಕೀಯ ಪಂಡಿತರು’, ‘ಕ್ರಿಕೆಟ್ ಪಂಡಿತರು’ ಔಷಧದ ಪಂಡಿತರಲ್ಲ, ಶಾಲೆಯ ಪಂಡಿತರಲ್ಲ. ಇಂಗ್ಲಿಷ್ ಪತ್ರಿಕೆಯ ಪಂಡಿಟ್ ಕನ್ನಡದ ಪಂಚೆ ಉಟ್ಟು ಮನೆಗೆ ಬಂದದ್ದು. ಮತ ಎಣಿಕೆಯ ಮರುದಿನದ ಪೇಪರ್ ತೆಗೆದು ನೋಡಿ: ‘ರಾಜಕೀಯ ಪಂಡಿತರ ಲೆಕ್ಕಾಚಾರ ತಲೆಕೆಳಗು.’ ಸರಿಯಾದ ದಿನ ಅವರ ಹೆಸರೆತ್ತಿದ್ದನ್ನು ನಾನು ಕಂಡಿಲ್ಲ. ಲೆಕ್ಕ ತಪ್ಪಿಸಲೆಂದೇ ಇಟ್ಟುಕೊಂಡ ಪಂಡಿತರೇನೋ ಎನಿಸುತ್ತದೆ.

ಒಂದು ಎಣಿಕೆಯ ದಿನ ನಮ್ಮ ಬಡಾವಣೆಯ ಕಟಿಂಗ್ ಶಾಪಿನಲ್ಲಿ ಸರದಿಗೆ ಕೂತಿದ್ದೆ. ಟಿವಿಯಲ್ಲಿ ಆರು ಚೌಕಗಳಲ್ಲಿ ಆರು ಮುಖಗಳು, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಎರಡು ಸುತ್ತು ಎಣಿಕೆಯಾಗುವಷ್ಟರಲ್ಲಿ ಒಬ್ಬರು ಸರ್ಕಾರ ರಚಿಸಿ, ಖಾತೆಯನ್ನೂ ಹಂಚಿಬಿಟ್ಟರು. ಮುಖಕ್ಕೆ ನೊರೆ ಬಳಿಸಿಕೊಂಡು ಕುರ್ಚಿಯಲ್ಲಿದ್ದ ಹಿರಿಯರು ಕನ್ನಡಿಯಲ್ಲೇ ಅವರನ್ನು ನೋಡುತ್ತ, ‘ಅಲ್ಲಾ ಸಾರ್, ಇವರಲ್ಲಿ ಒಬ್ಬರಾದ್ರೂ ಒಂದು ಸಲ ಗ್ರಾಮ ಪಂಚಾಯ್ತಿಗೆ ನಿಂತು ಸೋತಿದಾರಾ?’ ಎಂದು ಕೇಳಿದರು. ಕತ್ತಿ ಹಿಡಿದಿದ್ದ ಹುಡುಗ ನಗಬಾರದೆಂದು ಕೈ ತಡೆದು ನಿಂತ. ‘ಗೆದ್ದಿದಾರಾ’ ಎನ್ನಲಿಲ್ಲ, ‘ಸೋತಿದಾರಾ’ ಎಂದರು. ಅವರು ಒಂದು ಕಾಲದಲ್ಲಿ ಮೂರು ಓಟಿನಲ್ಲಿ ಸೋತವರೆಂದು ಆಮೇಲೆ ತಿಳಿಯಿತು.

ಟಿವಿಯವರ ಬಗ್ಗೆ ನನಗೆ ಅಷ್ಟು ದೂರಿಲ್ಲ. ಕೂಗಾಡಿದರೂ ಮುಖ ಕಾಣುತ್ತದೆ, ಕೆಳಗೆ ಹೆಸರು ಓಡುತ್ತದೆ. ನಾಳೆ ದಾರಿಯಲ್ಲಿ ಸಿಕ್ಕರೆ ‘ಏನ್ರೀ, ಮೊನ್ನೆ ಹಾಗಂದಿರಿ’ ಎಂದು ತಡೆದು ನಿಲ್ಲಿಸಬಹುದು. ದೂರಿರುವುದು ಅಚ್ಚಿನ ಪಂಡಿತರ ಮೇಲೆ. ‘ರಾಜಕೀಯ ಪಂಡಿತರ ಪ್ರಕಾರ’ ಎಂದು ಬರೆಯುತ್ತಾರೆ. ಯಾರು? ಎಷ್ಟು ಜನ? ಯಾವ ಊರಿನವರು? ಬಹುವಚನದ ಗೌರವದೊಳಗೆ ಒಬ್ಬರೂ ಇಲ್ಲದಿರಬಹುದು. ವರದಿಗಾರನೇ ತನ್ನ ಅನಿಸಿಕೆಗೆ ಪಂಡಿತರ ಶಾಲು ಹೊದಿಸಿ ಕಳಿಸಿರಬಹುದು. ‘ಟೈಮ್’ ಎಷ್ಟೇ ಗೇಲಿ ಮಾಡಲಿ, ಪಂಡಿಟ್ ಎಂಬುದರ ಪಕ್ಕದಲ್ಲಿ ಲಿಪ್‌ಮನ್ ಎಂದು ಬರೆಯುತ್ತಿತ್ತು. ‘ನ್ಯೂಸ್‌ವೀಕ್’ ಐವತ್ತು ಎಂದು ಎಣಿಸಿ ಹೇಳಿತು. ಅದಕ್ಕೇ ಇಷ್ಟು ವರ್ಷವಾದರೂ ನಾವು ನಗಬಲ್ಲೆವು.

ಹೆಸರಿಲ್ಲದ ಪಂಡಿತರಿಂದ ಆಗುವ ನಷ್ಟ ಬರೀ ನಗುವಿನದಲ್ಲ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ದು, 1915ರಲ್ಲಿ ಇಂಗ್ಲಿಷಿಗೆ ತಂದದ್ದು ಜಗತ್ತಿಗೆ ಗೊತ್ತು. ಆ ಓಲೆಗಳನ್ನು ಕಾಪಾಡಿ ತಂದು ಲೈಬ್ರರಿಗೆ ಒಪ್ಪಿಸಿದವರು ಯಾರು? ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು. ಅಷ್ಟೇ. ಆ ಕಟ್ಟನ್ನು ಅವರು ಒಲೆಗೆ ಹಾಕಿದ್ದರೆ ಕೌಟಿಲ್ಯನನ್ನು ಮತ್ತೆ ಓದುವ ಭಾಗ್ಯ ನಮಗೆ ಯಾವಾಗ ಬರುತ್ತಿತ್ತೋ. ಹೊಗಳೋಣವೆಂದರೆ ಹೆಸರಿಲ್ಲ.

ಆದ್ದರಿಂದ ಪತ್ರಿಕೆಯ ಮೇಜುಗಳಲ್ಲಿ ಕೂತಿರುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ಪಂಡಿತ ಎಂಬ ಮಾತನ್ನು ಬೇಕಾದಷ್ಟು ಬಳಸಿ, ಅದು ನಮ್ಮದೇ ಮಾಲು. ಆದರೆ ಅದರ ಮುಂದೆ ಒಂದು ಹೆಸರು ಬರೆಯಿರಿ, ಸಾಧ್ಯವಾದರೆ ಊರನ್ನೂ ಸೇರಿಸಿ. ಬರೆಯಲು ಹೆಸರು ಸಿಗದಿದ್ದರೆ ಆ ಸಾಲನ್ನೇ ಹೊಡೆದುಹಾಕಿ. ಪೇಪರಿನಲ್ಲಿ ಒಂದಿಷ್ಟು ಜಾಗ ಉಳಿಯುತ್ತದೆ, ಅಲ್ಲಿ ಮಳೆ ಎಷ್ಟು ಬಿತ್ತು ಎಂದಾದರೂ ಹಾಕಬಹುದು.